ತುಮಕೂರಿನ 'ತು' ಹೇಗೆ 'ಟು' ಆಯಿತು?

ಅಕ್ಕನ ಮಗಳು ಬಿಎ ಓದುತ್ತಿದ್ದಾಳೆ. ದಿನಾ ಗುಬ್ಬಿಯಿಂದ ತುಮಕೂರಿಗೆ ಬಸ್ಸು. ಹೋದ ಭಾನುವಾರ ಇಂಗ್ಲಿಷ್ ಪುಸ್ತಕ ತಂದು ನನ್ನ ಮುಂದೆ ಇಟ್ಟು, 'ಮಾವ, ಫೊನೆಟಿಕ್ಸ್ ಅಂತೆ, ಫೊನಾಲಜಿ ಅಂತೆ, ಒಂದೂ ತಲೆಗೆ ಹೋಗ್ತಿಲ್ಲ' ಅಂದಳು. ನೋಡಿದೆ. ಇಂಗ್ಲಿಷಿನ ಇ ತಲೆಕೆಳಗಾಗಿ ನಿಂತಿದೆ, ಎನ್‌ಗೆ ಬಾಲ ಬಂದಿದೆ. ಯಾರಿಗಾದರೂ ಗಾಬರಿಯಾಗುತ್ತದೆ.

ಪುಸ್ತಕ ಮುಚ್ಚಿಸಿದೆ. ಊರಿನ ಹೆಸರಿನಿಂದಲೇ ಶುರು ಮಾಡಿದೆವು. 2014ರ ರಾಜ್ಯೋತ್ಸವದ ದಿನ ಸರ್ಕಾರ ಇಂಗ್ಲಿಷಿನಲ್ಲೂ ತುಮಕೂರು ಅಂತ ಬದಲಾಯಿಸಿತು. ಅಲ್ಲಿಯವರೆಗೆ ಅದು ಟುಮ್ಕೂರ್. ತ ಅನ್ನುವಾಗ ನಾಲಿಗೆಯ ತುದಿ ಮೇಲಿನ ಹಲ್ಲಿಗೆ ತಾಗುತ್ತದೆ. ಟ ಅನ್ನಲು ನಾಲಿಗೆಯನ್ನು ಹಿಂದಕ್ಕೆ ಮಡಚಬೇಕು. ಇಂಗ್ಲಿಷರ ಟಿ ಇವೆರಡೂ ಅಲ್ಲ, ಹಲ್ಲಿನ ಹಿಂದೆ ಒಸಡು ಉಬ್ಬಿದೆಯಲ್ಲ, ಅಲ್ಲಿ ಹುಟ್ಟುತ್ತದೆ. ಅವರು ನಮ್ಮ ತ ಬರೆಯಲು ಅದೇ ಟಿ ಹಾಕಿದರು, ಅದನ್ನು ಓದಿದವರು ಟು ಅಂದರು, ಅಷ್ಟೇ.

ಯಾವ ಶಬ್ದ ಬಾಯಲ್ಲಿ ಎಲ್ಲಿ, ಹೇಗೆ ಹುಟ್ಟುತ್ತದೆ ಅನ್ನೋದೇ ಫೊನೆಟಿಕ್ಸ್‌ನ ಮೊದಲ ಪಾಠ. ಅದರಲ್ಲಿ ಅರ್ಧ ನಮಗೆ ಒಂದನೇ ಕ್ಲಾಸಿನಲ್ಲೇ ಬಂದಿದೆ, ಯಾರೂ ಹೇಳಿಲ್ಲ ಅಷ್ಟೇ. ಕ ಸಾಲು ಗಂಟಲ ಹತ್ತಿರ, ಚ ಸಾಲು ಅಂಗುಳ, ಆಮೇಲೆ ಟ, ತ, ಕೊನೆಗೆ ತುಟಿಯ ಪ. ಒಳಗಿನಿಂದ ಹೊರಕ್ಕೆ ಬಂದ ಹಾಗೆ. ಎಬಿಸಿಡಿಯಲ್ಲಿ ಅಂಥ ಕ್ರಮವೇ ಇಲ್ಲ. ಅಕ್ಷರ 26, ಪಠ್ಯದಲ್ಲಿ ಬರುವ ಬ್ರಿಟಿಷ್ ಉಚ್ಚಾರಣೆಯಲ್ಲಿ ಧ್ವನಿಗಳು 44, ಅದರಲ್ಲಿ 20 ಸ್ವರಗಳೇ. ಐದು ಅಕ್ಷರದಲ್ಲಿ ಇಪ್ಪತ್ತನ್ನು ಹೊಂದಿಸಿದರೆ ಸ್ಪೆಲಿಂಗ್ ಹಾಳಾಗದೆ ಇನ್ನೇನು? ಒಂದು ಧ್ವನಿಗೆ ಒಂದೇ ಗುರುತು ಇರಲಿ ಅಂತ ದುಡಿದವರು 1886ರಲ್ಲಿ ಪ್ಯಾರಿಸ್‌ನಲ್ಲಿ ಸಂಘ ಕಟ್ಟಿದ ಭಾಷಾ ಮೇಷ್ಟ್ರುಗಳು. ಆ ಬಾಲದ ಎನ್, ತಲೆಕೆಳಗಾದ ಇ, ಎಲ್ಲ ಆ ಸಂಘದ ಐಪಿಎ, ಅಂದರೆ ಅಂತರರಾಷ್ಟ್ರೀಯ ಧ್ವನಿ ಲಿಪಿಯ ಗುರುತುಗಳೇ.

ಫೊನಾಲಜಿ ಬೇರೆ ವಿಷಯ. ಯಾವ ವ್ಯತ್ಯಾಸವನ್ನು ಒಂದು ಭಾಷೆ ಲೆಕ್ಕಕ್ಕೆ ತಗೊಳ್ಳುತ್ತದೆ, ಯಾವುದನ್ನು ಬಿಡುತ್ತದೆ ಅನ್ನೋದು. ಇಂಗ್ಲಿಷಿನವನೊಬ್ಬ 'ನಮ್ಮ ಹಲ್ಲಿಯಲ್ಲಿ ಜಾತ್ರೆ' ಅಂದರೆ ನಾವು ನಗುತ್ತೇವೆ, ಅವನ ಕಿವಿಗೆ ಹಲ್ಲಿಯೂ ಹಳ್ಳಿಯೂ ಒಂದೇ. ನಗೋದು ಬೇಡ. ಚಿಕ್ಕಬಳ್ಳಾಪುರದ ತೋಟದಲ್ಲಿ ನಿಂತು ನಾವು ವೈನ್ ಅಂದರೆ ದ್ರಾಕ್ಷಿ ಬಳ್ಳಿಯೋ ಹೆಂಡವೋ ಅವನಿಗೆ ಗೊತ್ತಾಗುವುದಿಲ್ಲ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಹೆಂಡಕ್ಕೆ ತುಟಿ ದುಂಡಗಾಗಬೇಕು. ನಮಗೆ ಎರಡಕ್ಕೂ ಒಂದೇ ವ.

ಇನ್ನೊಂದು ತಮಾಷೆ ಇದೆ. ಅವಳ ಬ್ಯಾಗಿನಲ್ಲಿದ್ದ ಬಸ್ ಟಿಕೆಟ್ ತೆಗೆದು ತುಟಿಯ ಮುಂದೆ ಹಿಡಿಸಿ 'ಪಿನ್ ಅನ್ನು' ಅಂದೆ. ಟಿಕೆಟ್ ಅಲ್ಲಾಡಲಿಲ್ಲ. ಮೊಬೈಲಿನಲ್ಲಿ ಒಬ್ಬ ಬ್ರಿಟಿಷ್ ಹೆಂಗಸು ಪಿನ್ ಅನ್ನೋದನ್ನು ಮೂರು ಸಲ ಕೇಳಿಸಿದೆ. ಆಮೇಲೆ ಇವಳು ಪ ಜೊತೆ ಉಸಿರು ಸೇರಿಸಿ, ನಮ್ಮ ಹಳೇ ಮಹಾಪ್ರಾಣದ ಥರ, ಪ್ಹಿನ್ ಅಂದಳು. ಟಿಕೆಟ್ ಪಟಕ್ಕಂತ ಮೇಲೆದ್ದಿತು. ಆದರೆ ಅದೇ ಹೆಂಗಸು ಸ್ಪಿನ್ ಅಂದಾಗ ಆ ಉಸಿರು ಇರಲ್ಲ, ಸ್ ಬಂದ ಮೇಲೆ ಬರುವ ಪ ಸಪ್ಪೆ. ಇಂಗ್ಲಿಷರಿಗೆ ತಾವು ಎರಡು ಥರ ಪ ಹೇಳುತ್ತಿದ್ದೇವೆ ಅನ್ನೋದೇ ಗೊತ್ತಿಲ್ಲ. ನಾವು ಎರಡಕ್ಕೂ ಬೇರೆ ಅಕ್ಷರ ಇಟ್ಟುಕೊಂಡು, ಈಗ ಫಲವನ್ನೂ ಫ್ಯಾನಿನ ಫ ಮಾಡಿ ಕೂತಿದ್ದೇವೆ!

ಹೈಸ್ಕೂಲಿನಲ್ಲಿ ಎಗ್ ಅನ್ನೋದನ್ನು ಯೆಗ್ಗು ಅಂದಿದ್ದಕ್ಕೆ ನನ್ನನ್ನು ಒಂದು ಪೀರಿಯಡ್ ಪೂರ್ತಿ ನಿಲ್ಲಿಸಿದ್ದರು. ಈಗ ಯೋಚಿಸಿದರೆ ಅದು ದಡ್ಡತನ ಅಲ್ಲ. ನಾವು ಎಲೆಯನ್ನು ಯೆಲೆ ಅಂತೀವಿ, ಒಲೆಯನ್ನು ವೊಲೆ ಅಂತೀವಿ, ಕೊನೆಗೆ ಸ್ವರ ಇಲ್ಲದಿದ್ದರೆ ಉ ಹಚ್ಚಿ ಬಸ್ಸು, ಕಾರು ಮಾಡ್ತೀವಿ. ನನ್ನ ಬಾಯಿ ಇಂಗ್ಲಿಷ್ ಪದಕ್ಕೆ ಕನ್ನಡದ ನಿಯಮ ಹಾಕಿತ್ತು. ಅದನ್ನು ಆವತ್ತು ಹೇಳಿಕೊಟ್ಟಿದ್ದರೆ ಬೇಗ ತಿದ್ದಿಕೊಳ್ಳುತ್ತಿದ್ದೆ ಅನಿಸುತ್ತದೆ.

ಕೊನೆಗೆ ತಲೆಕೆಳಗಾದ ಇ. ಅದರ ಹೆಸರು ಶ್ವಾ, ಇಂಗ್ಲಿಷಿನಲ್ಲಿ ಅತಿ ಜಾಸ್ತಿ ಬರುವ ಸ್ವರ. ಬನಾನಾದಲ್ಲಿ ಒತ್ತು ನಡುವಿನ ನಾ ಮೇಲೆ ಬೀಳುತ್ತದೆ, ಅಕ್ಕಪಕ್ಕದ ಎರಡು ಸ್ವರ ಬಾಯಿ ಸಡಿಲ ಬಿಟ್ಟು 'ಅ' ಅಂದ ಹಾಗೆ ಮಂಕಾಗುತ್ತವೆ. ಅವೇ ಶ್ವಾ. ನಾವು ಮೂರನ್ನೂ ಸಮವಾಗಿ ಅಂತೀವಿ, ನಮ್ಮಲ್ಲಿ ಹಾಗೆ ನುಂಗುವ ಅಭ್ಯಾಸ ಇಲ್ಲ ಅಂತ ಜೋರಾಗಿ ಹೇಳಿದೆ.

ಅವಳು ಟಿಕೆಟ್ ಮಡಚುತ್ತಾ, 'ಇಲ್ಲ ಅಂತೀಯಲ್ಲ ಮಾವ, ಸ್ಟ್ಯಾಂಡಲ್ಲಿ ಕಂಡಕ್ಟರ್ ತುಮ್ಕೂರ್ ತುಮ್ಕೂರ್ ಅಂತಾನೆ. ನಡುವಿನ ಅ ಎಲ್ಲಿ, ಕೊನೆಯ ಉ ಎಲ್ಲಿ?' ಅಂದಳು.

ನನಗೆ ಇದು ಹೊಳೆದೇ ಇರಲಿಲ್ಲ.