ಹೊಸ ಬ್ಯಾಟ್ ಬೇಕಾ? ಹಳೇದನ್ನು ಜೊತೆಗೆ ತನ್ನಿ

ಬೆಂಗಳೂರಿನ ಒಂದು ಸ್ಪೋರ್ಟ್ಸ್ ಅಂಗಡಿಯಲ್ಲಿ ನನ್ನ ಕೆಲಸ. ಅರ್ಧ ದಿನ ಕೌಂಟರ್, ಅರ್ಧ ದಿನ ಬ್ಯಾಟಿನ ದಾರ, ಅಂದರೆ ಗಟ್, ಎಳೆದು ಕಟ್ಟುವ ಗಟ್ಟಿಂಗ್ ಮೆಷಿನ್. ಸುತ್ತಮುತ್ತ ಇಂಡೋರ್ ಕೋರ್ಟ್‌ಗಳು ಜಾಸ್ತಿ. ಹಾಗಾಗಿ ಬರುವವರಲ್ಲಿ ಹೆಚ್ಚಿನವರು ಶಟಲ್ ಆಡುವವರೇ. ಬೆಳಿಗ್ಗೆ ಆಡಿ ಸೀದಾ ಆಫೀಸಿಗೆ ಹೋಗುವವರು, ರಾತ್ರಿ ಸ್ಲಾಟ್ ಬುಕ್ ಮಾಡಿಕೊಂಡವರು, ಮಕ್ಕಳನ್ನು ಕೋಚಿಂಗಿಗೆ ಬಿಟ್ಟು ಬಂದ ಅಪ್ಪ ಅಮ್ಮಂದಿರು.

ಎಲ್ಲರೂ ಕೇಳುವುದು ಒಂದನ್ನೇ. "ಇಷ್ಟು ಬಜೆಟ್ ಇದೆ, ಯಾವುದು ಚೆನ್ನಾಗಿದೆ?"

ಇದಕ್ಕೆ ಒಂದು ಸಿದ್ಧ ಉತ್ತರ ಇದೆ. ತಲೆ ಕಡೆ ಭಾರ ಇರುವ ಹೆಡ್ ಹೆವಿ ತಗೊಂಡರೆ ಸ್ಮ್ಯಾಶ್, ತಲೆ ಹಗುರ ಇರುವ ಹೆಡ್ ಲೈಟ್ ತಗೊಂಡರೆ ಡಿಫೆನ್ಸ್, ಭಾರ ಸಮನಾಗಿರುವ ಈವನ್ ಬ್ಯಾಲೆನ್ಸ್ ಆದರೆ ಎರಡಕ್ಕೂ ಆಗುತ್ತೆ. ಮಾತು ಸರಿಯೇ. ಆದರೆ ಇದನ್ನು ನಂಬಿಕೊಂಡು "ನಿಮ್ಮ ಆಟ ಹೇಗೆ ಸಾರ್?" ಅಂತ ಕೇಳಿದರೆ ಬರುವ ಉತ್ತರ ಬಹುಪಾಲು "ಅಟ್ಯಾಕಿಂಗ್". ಡಿಫೆನ್ಸ್ ಆಡುತ್ತೇನೆ ಅಂತ ಒಪ್ಪಿಕೊಂಡ ಗಿರಾಕಿಯನ್ನು ನಾನಿನ್ನೂ ಹುಡುಕುತ್ತಿದ್ದೇನೆ.

ನನಗೆ ಗಟ್ಟಿಂಗ್ ಕಲಿಸಿದ ಸೀನಿಯರ್ ಆ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ. "ಹಳೆ ಬ್ಯಾಟ್ ಇದೆಯಾ? ಕೊಡಿ ಇಲ್ಲಿ" ಅನ್ನುತ್ತಿದ್ದರು. ಟ್ಯೂಬ್‌ಲೈಟ್ ಕೆಳಗೆ ಹಿಡಿದು ಎರಡು ಸಲ ತಿರುಗಿಸಿ ನೋಡುತ್ತಿದ್ದರು. ಚಪ್ಪಲಿ ಹೊಲಿಯುವವರು ಅಟ್ಟೆ ಸವೆದದ್ದು ನೋಡಿ ನಡಿಗೆ ಹೇಳುತ್ತಾರಲ್ಲ, ಹಾಗೆ. ಆಮೇಲೆ ಗೋಡೆಯಿಂದ ಎರಡೇ ಎರಡು ಬ್ಯಾಟ್ ಇಳಿಸುತ್ತಿದ್ದರು. ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ವಿದ್ಯೆ ಇದೇ.

ಮೊದಲು ನೋಡಬೇಕಾದ್ದು ಗಟ್ ಎಲ್ಲಿ ತುಂಡಾಗಿದೆ ಅನ್ನುವುದು. ನಡುವೆ ಸವೆದು ಸವೆದು ಅಲ್ಲೇ ತುಂಡಾಗಿದ್ದರೆ ಆಟಗಾರ ಶಟಲ್ಲನ್ನು ಸರಿಯಾದ ಜಾಗದಲ್ಲೇ ಹೊಡೆಯುತ್ತಿದ್ದಾನೆ ಎಂದರ್ಥ. ಫ್ರೇಮಿಗೆ ಅಂಟಿಕೊಂಡ ಹಾಗೆ, ಮೇಲಿನ ಮೂಲೆಯಲ್ಲಿ ತುಂಡಾಗಿದ್ದರೆ ಅದು ಮಿಸ್ ಹಿಟ್. ಅದರಲ್ಲೂ ಒಂದು ಎಚ್ಚರ ಬೇಕು. ಫ್ರೇಮಿನ ತೂತುಗಳಲ್ಲಿ ಕೂರಿಸಿರುವ ಪುಟ್ಟ ಪ್ಲಾಸ್ಟಿಕ್ ಗ್ರೊಮೆಟ್ ಒಡೆದಿದ್ದರೂ ಗಟ್ ಅಲ್ಲೇ ಕತ್ತರಿಸುತ್ತೆ. ಆಗ ಆಟಗಾರನ ತಪ್ಪಿಲ್ಲ, ಗ್ರೊಮೆಟ್ ಬದಲಾಯಿಸಿದರೆ ಆಯ್ತು.

ಆಮೇಲೆ ಫ್ರೇಮು. ಪಕ್ಕದಲ್ಲಿ ಬಣ್ಣ ಎದ್ದು ಉದ್ದ ಗೀರು ಬಿದ್ದಿದ್ದರೆ ಪಾರ್ಟ್ನರ್ ಬ್ಯಾಟಿಗೆ ತಾಗಿಸಿಕೊಂಡಿದ್ದಾರೆ, ಅಂದರೆ ಡಬಲ್ಸ್. ತುದಿಯಲ್ಲಿ ಉಜ್ಜಿದ ಹಾಗಿದ್ದರೆ ಕೆಳಗೆ ಬೀಳುವ ಶಟಲ್ ಎತ್ತುವಾಗ ನೆಲಕ್ಕೆ ಕೆರೆದದ್ದು. ಕೊನೆಗೆ ಗ್ರಿಪ್. ಕಪ್ಪು ಕಲೆ ಮೇಲುಗಡೆ, ಹಿಡಿಯ ಮೇಲ್ತುದಿಯ ಕೋನಿನ ಹತ್ತಿರ ಇದ್ದರೆ ಗಿಡ್ಡಕ್ಕೆ ಹಿಡಿದು ನೆಟ್ ಹತ್ತಿರ ಆಡುವ ಕೈ. ಬುಡದಲ್ಲಿ ಇದ್ದರೆ ಹಿಂದೆ ನಿಂತು ಬೀಸುವ ಕೈ.

ಇತ್ತೀಚೆಗೆ ಒಬ್ಬರು ಬಂದರು. ವಯಸ್ಸು ನಲವತ್ತರ ಆಸುಪಾಸು, ಐಟಿ ಕೆಲಸ. ವಾರಕ್ಕೆ ಮೂರು ದಿನ ಆಟ. "ಆಸ್ಟ್ರಾಕ್ಸ್ 100 ಝಡ್‌ಝಡ್ ಕೊಡಿ ಬಾಸ್" ಅಂದರು. ಡೆನ್ಮಾರ್ಕಿನ ಆಟಗಾರ ವಿಕ್ಟರ್ ಆಕ್ಸೆಲ್‌ಸನ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್ ಚಿನ್ನ ಗೆದ್ದಾಗ ಕೈಯಲ್ಲಿದ್ದದ್ದು ಅದೇ ಯೋನೆಕ್ಸ್ ಬ್ಯಾಟ್. ತಲೆ ಭಾರ, ತಲೆಗೂ ಹಿಡಿಗೂ ನಡುವಿನ ಕಡ್ಡಿ, ಅಂದರೆ ಶಾಫ್ಟ್, ತುಂಬಾ ಗಟ್ಟಿ. ಹಳೆ ಬ್ಯಾಟ್ ಕೇಳಿದೆ. ಗಟ್ ಮೇಲಿನ ಎಡಮೂಲೆಯಲ್ಲಿ ತುಂಡಾಗಿತ್ತು. ಗ್ರೊಮೆಟ್ ಸರಿಯಾಗೇ ಇತ್ತು. ಗ್ರಿಪ್ ಬುಡದಲ್ಲಿ ಕಪ್ಪಾಗಿತ್ತು, ಫ್ರೇಮಿನ ಎರಡೂ ಪಕ್ಕ ಗೀರು.

ಇಷ್ಟರಿಂದ ತಿಳಿದದ್ದು ಇದು. ಆಡುವುದು ಡಬಲ್ಸ್, ಬ್ಯಾಟ್ ಹಿಡಿಯುವುದು ಬುಡಕ್ಕೆ, ಬೀಸುವುದು ಜೋರಾಗಿ. ಆದರೆ ಬ್ಯಾಟ್ ಬರುವ ಹೊತ್ತಿಗೆ ಶಟಲ್ ಸ್ವಲ್ಪ ಮುಂದೆ ಹೋಗಿರುತ್ತೆ. ಇಂಥ ಕೈಗೆ ತಲೆ ಭಾರದ ಬ್ಯಾಟ್ ಕೊಟ್ಟರೆ ಇನ್ನೂ ತಡ ಆಗುತ್ತೆ. ಗಟ್ಟಿ ಶಾಫ್ಟ್ ಬಗ್ಗಬೇಕಾದರೆ ಕೈ ವೇಗ ಚೆನ್ನಾಗಿರಬೇಕು. ವೇಗ ಇಲ್ಲದವರಿಗೆ ಅದು ಕೋಲಿಗೆ ಸಮ, ಶಟಲ್ ಹಿಂದಿನ ಗೆರೆ ಮುಟ್ಟುವುದಿಲ್ಲ. ಭಾರವೆಲ್ಲ ಭುಜಕ್ಕೆ. ಆಕ್ಸೆಲ್‌ಸನ್ ಎತ್ತರ 194 ಸೆಂಟಿಮೀಟರ್, ಆಗ ಆಟವೇ ಅವರ ಕೆಲಸ ಆಗಿತ್ತು ಅನ್ನುವುದನ್ನೂ ಮರೆಯಬಾರದು, ಅಲ್ವಾ?

"ಹಾಗಾದರೆ ಸ್ಮ್ಯಾಶ್?" ಅಂತ ಕೇಳಿದರು. ಇದಕ್ಕೆ ನನ್ನ ಹತ್ತಿರ ಒಂದು ಒಳ್ಳೆ ಉದಾಹರಣೆ ಇದೆ. ನಮ್ಮ ದೇಶದ ಡಬಲ್ಸ್ ಆಟಗಾರ ಸಾತ್ವಿಕ್‌ಸಾಯಿರಾಜ್ 2023ರಲ್ಲಿ ಜಪಾನಿನಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದರು. ಕೈಯಲ್ಲಿದ್ದದ್ದು ಯೋನೆಕ್ಸಿನ ನ್ಯಾನೊಫ್ಲೇರ್ 1000 ಝಡ್. ಅದು ಹೆಡ್ ಲೈಟ್ ಬ್ಯಾಟ್! ಅದರ ಶಾಫ್ಟೂ ಗಟ್ಟಿಯೇ, ಎಲ್ಲರಿಗೂ ಒಗ್ಗುವುದಿಲ್ಲ. ಆದರೆ ತಲೆ ಭಾರ ಇದ್ದರೆ ಮಾತ್ರ ಸ್ಮ್ಯಾಶ್ ಅನ್ನುವ ನಂಬಿಕೆಗೆ ಉತ್ತರ ಕೊಡಲು ಇಷ್ಟು ಸಾಕು.

ಅವರಿಗೆ ಕೊನೆಗೆ ಕೊಟ್ಟದ್ದು 4ಯು ತೂಕದ, ಈವನ್ ಬ್ಯಾಲೆನ್ಸ್, ಮೀಡಿಯಂ ಶಾಫ್ಟಿನ ಒಂದು ಬ್ಯಾಟ್. ಬೆಲೆ ಮೂರು ಸಾವಿರದ ಚಿಲ್ಲರೆ. ದೊಡ್ಡ ಬಿಲ್ ಅಷ್ಟಕ್ಕೆ ಇಳಿದಾಗ ಓನರ್ ನನ್ನನ್ನು ನೋಡಿದ ನೋಟವೇ ಬೇರೆ. ಉಳಿದ ದುಡ್ಡಲ್ಲಿ ಅವರು ನಾನ್ ಮಾರ್ಕಿಂಗ್ ಶೂ ತಗೊಂಡರು. ಓನರ್ ಸ್ವಲ್ಪ ತಣ್ಣಗಾದರು.

ತೂಕದ ಲೆಕ್ಕ ಹಲವರಿಗೆ ಗೊಂದಲ. ಯೋನೆಕ್ಸ್ ಲೆಕ್ಕದಲ್ಲಿ 3ಯು ಅಂದರೆ 85ರಿಂದ 89 ಗ್ರಾಂ, 4ಯು 80ರಿಂದ 84, 5ಯು 75ರಿಂದ 79. ಅಂಕಿ ದೊಡ್ಡದಾದಷ್ಟೂ ಬ್ಯಾಟ್ ಹಗುರ. ಗ್ರಿಪ್‌ನಲ್ಲೂ ಹಾಗೇ, ಜಿ4ಗಿಂತ ಜಿ5 ಸಣ್ಣ. ಸಣ್ಣ ಗ್ರಿಪ್ಪಿಗೆ ಮೇಲೊಂದು ಸುತ್ತು ಹಾಕಿ ದಪ್ಪ ಮಾಡಬಹುದು. ದಪ್ಪಗಿರುವುದನ್ನು ಸಣ್ಣ ಮಾಡುವುದು ಕಷ್ಟ. ಅನುಮಾನ ಇದ್ದರೆ ಸಣ್ಣದನ್ನೇ ತಗೊಳ್ಳಿ.

ಬೆಂಗಳೂರಿನಲ್ಲಿ ಕೋರ್ಟ್ ಬಾಡಿಗೆ ಹಂಚಿಕೊಳ್ಳಬೇಕು, ಅದಕ್ಕೆ ಆಡುವವರೆಲ್ಲ ಬಹುತೇಕ ಡಬಲ್ಸ್. ಒಂದು ಸ್ಲಾಟಿಗೆ ಆರು ಜನ, ನಾಲ್ವರು ಆಡಿದರೆ ಇಬ್ಬರು ಬೆಂಚಲ್ಲಿ. ಡಬಲ್ಸಿನಲ್ಲಿ ಶಟಲ್ ಎದೆ ಮಟ್ಟಕ್ಕೆ ಚಪ್ಪಟೆಯಾಗಿ ಬರುತ್ತೆ, ಬ್ಯಾಟ್ ಬೇಗ ತಿರುಗಬೇಕು. ಸುಮ್ನೆ ವಾರಾಂತ್ಯಕ್ಕೆ ಆಡುವವರಿಗೆ ನಾನು 3ಯು ತೋರಿಸುವುದೇ ಅಪರೂಪ.

ಬಜೆಟ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಇಷ್ಟೇ. ಸಾವಿರದೊಳಗಿನ ಸ್ಟೀಲ್, ಅಲ್ಯೂಮಿನಿಯಂ ಬ್ಯಾಟ್ ಮನೆ ಮುಂದೆ ಆಡಲು ಸಾಕು. ಕೋರ್ಟಿಗೆ ಹೋಗುವವರು ಎರಡರಿಂದ ನಾಲ್ಕು ಸಾವಿರದೊಳಗೆ ಪೂರ್ತಿ ಗ್ರಾಫೈಟ್ ಬ್ಯಾಟ್ ತಗೊಂಡರೆ ವರ್ಷಗಟ್ಟಲೆ ಚಿಂತೆ ಇಲ್ಲ. ಹತ್ತು ಸಾವಿರ ದಾಟಿದ ಮೇಲೆ ಸಿಗುವ ವ್ಯತ್ಯಾಸ ಗೊತ್ತಾಗಬೇಕಾದರೆ ಕೈ ಆ ಮಟ್ಟಕ್ಕೆ ಬಂದಿರಬೇಕು. ಆಸೆಗೆ ತಗೊಳ್ಳುತ್ತೇನೆ ಅಂದರೆ ಬೇಡ ಅನ್ನಲು ನಾನ್ಯಾರು? ಡಬ್ಬಿ ಬಿಚ್ಚಿ ಕೊಡುತ್ತೇನೆ.

ಆದರೆ ಗಟ್ ವಿಷಯದಲ್ಲಿ ನಾನು ಹಠ ಮಾಡುತ್ತೇನೆ. ಕಡಿಮೆ ಬೆಲೆಯ ಬ್ಯಾಟ್‌ಗಳಿಗೆ ಫ್ಯಾಕ್ಟರಿಯಲ್ಲೇ ಹಾಕಿದ ಗಟ್ ಸಾಮಾನ್ಯವಾಗಿ ಸಡಿಲ, ಹೊಡೆದರೆ ಮಂಕು ಸದ್ದು. ಅದನ್ನು ಕಿತ್ತು ಯೋನೆಕ್ಸಿನ ಬಿಜಿ65 ಗಟ್ ಹಾಕಿಸಿದರೆ ಅದೇ ಬ್ಯಾಟ್ ಬೇರೆಯೇ ಆಗುತ್ತೆ. ಇದರ ದಪ್ಪ 0.70 ಮಿಲಿಮೀಟರ್, ಬಾಳಿಕೆ ಚೆನ್ನಾಗಿದೆ. ಬಿಜಿ66 ಅಲ್ಟಿಮ್ಯಾಕ್ಸ್ 0.65, ಸದ್ದು ಚೆಂದ, ಬೇಗ ತುಂಡಾಗುತ್ತೆ. ಹುಡುಗರು ಬಂದು "ಮೂವತ್ತು ಎಳೀರಿ ಅಣ್ಣ" ಅನ್ನುತ್ತಾರೆ, ಅಂದರೆ ಮೂವತ್ತು ಪೌಂಡ್ ಬಿಗಿ. ಬ್ಯಾಟಿನ ಕೋನ್ ಮೇಲೆ ಬರೆದಿರುವ ದೊಡ್ಡ ಅಂಕಿ ಅಷ್ಟು ಎಳೆಯಲೇಬೇಕು ಅಂತ ಹೇಳುವುದಿಲ್ಲ, ಅದಕ್ಕಿಂತ ಜಾಸ್ತಿ ಎಳೆಯಬೇಡಿ ಅಂತ ಹೇಳುತ್ತೆ. ಬಿಗಿ ಹೆಚ್ಚಿದಷ್ಟೂ ಶಟಲ್ ಚೆನ್ನಾಗಿ ಚಿಮ್ಮುವ ಜಾಗ ಚಿಕ್ಕದಾಗುತ್ತೆ. ಫ್ರೇಮಿನ ಹತ್ತಿರ ತುಂಡು ಮಾಡಿಕೊಂಡು ಬರುವವರಿಗೆ 22, 23 ಪೌಂಡ್ ಸಾಕು. ಆ ಐಟಿಯವರಿಗೂ ಅಷ್ಟೇ ಹಾಕಿದೆ.

ಮಕ್ಕಳ ವಿಷಯ ಬೇರೆ. ಅವರು ಬೆಳೆಯುತ್ತಿರುತ್ತಾರೆ, ಹಳೆ ಬ್ಯಾಟ್ ನೋಡಿ ಏನೂ ಹೇಳಲು ಆಗುವುದಿಲ್ಲ. ಕೋಚ್ ಹೇಳಿದ್ದನ್ನೇ ಕೇಳಿ. ಅವರು ಏನೂ ಹೇಳದಿದ್ದರೆ 5ಯು, ಬಗ್ಗುವ ಶಾಫ್ಟ್.

ಹಳೆ ಬ್ಯಾಟ್ ತರುವವರಿಗೆ ಒಂದು ಮಾತು. ಗಟ್ ತುಂಡಾದ ಬ್ಯಾಟನ್ನು ಹಾಗೇ ಬ್ಯಾಗಿಗೆ ಹಾಕಿ ವಾರಗಟ್ಟಲೆ ಇಡಬೇಡಿ. ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ ಉಳಿದು ಫ್ರೇಮ್ ಸೊಟ್ಟಗಾಗುತ್ತೆ. ಮೊದಲು ತುಂಡಾದ ಜಾಗ ಕಾಣುವ ಹಾಗೆ ಮೊಬೈಲಲ್ಲಿ ಒಂದು ಫೋಟೋ ತೆಗೆಯಿರಿ. ಆಮೇಲೆ ಕತ್ತರಿ ತಗೊಂಡು ನಡುವಿನಿಂದ ಶುರುಮಾಡಿ ಸುತ್ತಲೂ ಹೊರಕ್ಕೆ ಎಲ್ಲ ಗಟ್ ಕತ್ತರಿಸಿಬಿಡಿ. ಫೋಟೋ ಮತ್ತು ಖಾಲಿ ಫ್ರೇಮ್ ಎರಡೂ ತಂದರೆ ನನಗೆ ಸಾಕು.