ಮಕ್ಕಳ ಕಾಡಂಚಿನ ಕ್ಯಾಂಪ್: ಎಲ್ಲರ ಸಾಮಾನು ಯಾರ ಬೆನ್ನಿಗೆ?

ಸಕಲೇಶಪುರದ ಕ್ಯಾಂಪಿನ ಸಾಮಾನು ಈ ವಾರ ಒಂದು ಹದಕ್ಕೆ ಬಂದಿದೆ. ಎಂಟು ಮಕ್ಕಳು, ಮೂವರು ದೊಡ್ಡವರು, ಎರಡು ರಾತ್ರಿ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಪರಿಚಯದವರ ಕಾಫಿ ತೋಟದ ಮೇಲಿರುವ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಬಿಡಾರ. ಜೀಪು ಅಲ್ಲಿಗೆ ಹತ್ತುವುದಿಲ್ಲ, ಎಲ್ಲವೂ ಬೆನ್ನ ಮೇಲೇ ಹೋಗಬೇಕು.

ಮಕ್ಕಳ ಬ್ಯಾಗು ಮೈತೂಕದ ಶೇ. 10ರಷ್ಟಿರಲಿ, ಏನೇ ಆದರೂ ಶೇ. 15 ದಾಟದಿರಲಿ ಎಂದು ಲೆಕ್ಕ ಇಟ್ಟುಕೊಂಡಿದ್ದೇವೆ. 30 ಕೆಜಿಯ ಹುಡುಗಿಗೆ 3ರಿಂದ 4.5 ಕೆಜಿ. ಅವಳದೇ ಸ್ವೆಟರ್, ಹೊದಿಕೆ, ಒಂದು ಲೀಟರ್ ನೀರು ಸೇರಿದರೆ 3 ಕೆಜಿ ಅಲ್ಲೇ ಮುಗಿಯಿತು. 'ಉಳಿದದ್ದೆಲ್ಲ ನಾವೇ ಹೊತ್ತರಾಯ್ತಲ್ಲ' ಎಂದರು ಒಬ್ಬ ತಂದೆ. ಭಾರದ್ದನ್ನು ನಾವೇ ಹೊರುತ್ತೇವೆ. ಆದರೆ ಎಲ್ಲರಿಗೂ ಬೇಕಾಗುವ ಒಂದಾದರೂ ವಸ್ತು ಪ್ರತಿ ಮಗುವಿನ ಬ್ಯಾಗಿನಲ್ಲಿ ಇರಲೇಬೇಕು, ಅದರಲ್ಲಿ ನಾನು ರಾಜಿಯಾಗುವವನಲ್ಲ. ತನ್ನ ಬ್ಯಾಗಿನಲ್ಲಿರುವುದನ್ನು ನಂಬಿಕೊಂಡು ಹತ್ತು ಜನ ಇದ್ದಾರೆಂದು ಗೊತ್ತಾದ ಮಗು ನಡೆಯುವ ರೀತಿಯೇ ಬೇರೆ.

ಟೆಂಟುಗಳನ್ನು ಬಿಡಿಸಿ ಹಂಚಿದೆವು: ಬಟ್ಟೆ ದೊಡ್ಡವರಿಗೆ, ಕಡ್ಡಿ ಮತ್ತು ಗೂಟ ಮಕ್ಕಳಿಗೆ. ಗೂಟದ ಚೀಲ ಸಿಕ್ಕಿದ ಐದನೇ ಕ್ಲಾಸಿನ ಹುಡುಗಿ ಒಂದೊಂದಕ್ಕೂ ಕೆಂಪು ಉಲ್ಲನ್ ದಾರ ಕಟ್ಟಿ, ಚೀಲದ ಮೇಲೆ ಮಾರ್ಕರಿನಲ್ಲಿ ಲೆಕ್ಕ ಬರೆದಿಟ್ಟಿದ್ದಾಳೆ. 'ಹುಲ್ಲಲ್ಲಿ ಬಿದ್ರೆ ಕಾಣ್ಬೇಕಲ್ಲ ಅಂಕಲ್' ಅಂದಳು. ಇಷ್ಟು ಮುಂದಾಲೋಚನೆ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಪ್ರಥಮ ಚಿಕಿತ್ಸೆಯ ಸಾಮಾನು ಎರಡು ಕಡೆ: ಸಾಲಿನ ಮುಂದೆ ನಡೆಯುವವರ ಹತ್ತಿರ ಒಂದು, ಕೊನೆಯಲ್ಲಿ ಬರುವವರ ಹತ್ತಿರ ಇನ್ನೊಂದು. ಓಆರ್‌ಎಸ್ ಎರಡರಲ್ಲೂ ಇದೆ. ಟಾರ್ಪಾಲು ನನ್ನ ಬ್ಯಾಗಿನ ತೀರಾ ಮೇಲೆ, ಮಳೆ ಬಂದರೆ ಮೊದಲು ಕೈಗೆ ಸಿಗಬೇಕಾದದ್ದು ಅದೇ. ಇಂಬಳಕ್ಕೆ (ಜಿಗಣೆಗೆ) ತೋಟದವರು ಹೇಳಿಕೊಟ್ಟ ಉಪಾಯ: ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯುವುದು. ಒದ್ದೆ ಮಾಡಿ ಒತ್ತಿದರೆ ಇಂಬಳ ಬಿಟ್ಟು ಬೀಳುತ್ತದೆ. ಈ ಕೋಲು ಹಿಡಿಯಲು ಇಬ್ಬರು ಹುಡುಗರು ಈಗಲೇ ಪೈಪೋಟಿಗೆ ಬಿದ್ದಿದ್ದಾರೆ.

ಶೌಚದ ಗುಂಡಿ ತೋಡಲು ಒಂದು ಚಿಕ್ಕ ಸಲಿಕೆ. ಗುಂಡಿ ಅರ್ಧ ಅಡಿಗೂ ಹೆಚ್ಚು ಆಳವಿರಬೇಕು, ಹಳ್ಳದಿಂದ 200 ಅಡಿಯಾದರೂ ದೂರ. ಅಡುಗೆಗೆ ಅಕ್ಕಿ, ಹೆಸರುಬೇಳೆ. ಬೆಳಗಿನ ತಿಂಡಿಗೆ ಅವಲಕ್ಕಿ.

ಬಾಕಿ ಇರುವುದು ಒಲೆ. ರೈಲಿನಲ್ಲಿ ಗ್ಯಾಸ್ ಒಯ್ಯುವಂತಿಲ್ಲ, ಆದ್ದರಿಂದ ಚಿಕ್ಕ ಸಿಲಿಂಡರನ್ನು ತೋಟದಲ್ಲೇ ಕೇಳಿದ್ದೇವೆ. ಅವರು ಒಪ್ಪಿದರೆ ನಮ್ಮ ಎರಡು ದೊಡ್ಡ ಪಾತ್ರೆ ಸಾಕು. ಒಪ್ಪಿಗೆ ಸಿಕ್ಕ ಮೇಲೆ ಭಾನುವಾರ ಎಲ್ಲರೂ ಬ್ಯಾಗು ಹೊತ್ತು ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ನೋಡುವುದಿದೆ. ಯಾರಿಗಾದರೂ ಭುಜ ನೊಂದರೆ ಅಲ್ಲೇ ಬಿಚ್ಚಿ ಮತ್ತೆ ಹಂಚುತ್ತೇವೆ.