ಸಾಂತಾ ಕ್ರೂಜ್‌ನಲ್ಲಿ ಹೊರಸಾಲಿನ ಕುದುರೆಯನ್ನೇ ಹಿಡಿಯಿರಿ

ಊರಿನಿಂದ ಬಂದ ಅಪ್ಪ ಅಮ್ಮನನ್ನು ಕ್ಯಾಲಿಫೋರ್ನಿಯಾದ ಕಡಲತೀರದ ಮನರಂಜನಾ ಪಾರ್ಕಾದ ಸಾಂತಾ ಕ್ರೂಜ್ ಬೋರ್ಡ್‌ವಾಕ್‌ಗೆ ಕರೆದೊಯ್ಯುವವರು ಶನಿವಾರ ಮಾತ್ರ ಹೋಗಬೇಡಿ. ನಾವು ಜುಲೈ ತಿಂಗಳ ಶನಿವಾರವೇ ಹೋದೆವು. ಸ್ಯಾನ್ ಹೋಸೆಯಿಂದ ಗುಡ್ಡ ದಾಟುವ ಹೆದ್ದಾರಿ 17ರಲ್ಲಿ ಕಾರುಗಳು ಇರುವೆಸಾಲಿನಂತೆ ತೆವಳುತ್ತಿದ್ದವು. ಚಾರ್ಮಾಡಿ ಘಾಟಿಯೇ ವಾಸಿ, ಅಲ್ಲಿ ನೀರು ಬೀಳುವುದನ್ನಾದರೂ ನೋಡಬಹುದು ಎಂದರು ಅಮ್ಮ.

ಪ್ರವೇಶ ಉಚಿತ ಎಂದು ಹಿಗ್ಗಿದ್ದೆ. ಎರಡು ಬೀದಿ ಆಚೆ, ಖಾಲಿ ನಿವೇಶನವೊಂದರ ಮುಂದೆ ಒಬ್ಬ ಪಾರ್ಕಿಂಗ್‌ಗೆ 25 ಡಾಲರ್ ಎಂದು ಬರೆದ ರಟ್ಟು ಹಿಡಿದು ನಿಂತಿದ್ದ. ಕಾರು ಒಳಗೆ ಹೋದ ಮೇಲೆ 40 ಎಂದ. ಹಿಂದೆ ನಾಲ್ಕು ಕಾರು ಅಡ್ಡ ನಿಂತಿದ್ದವು, ಕೊಟ್ಟೆ. ಸ್ಯಾನ್ ಹೋಸೆಯ ಡಿರಿಡಾನ್ ರೈಲು ನಿಲ್ದಾಣದಿಂದ ಬಸ್ಸಿದೆ, ಅದರಲ್ಲಿ ಹೋಗಿ.

ನನಗೆ ಅಲ್ಲಿ ಬೇಕಾಗಿದ್ದುದು ಚಾರ್ಲ್ಸ್ ಲೂಫ್ 1911ರಲ್ಲಿ ಮಾಡಿಕೊಟ್ಟ ತಿರುಗುಕುದುರೆ. ಮರದಲ್ಲಿ ಕೆತ್ತಿದ 73 ಕುದುರೆಗಳು, 1894ರ ಕೊಳವೆ ಆರ್ಗನ್ ವಾದ್ಯ. ಹೊರಸಾಲಿನಲ್ಲಿ ಕುಳಿತವರು ಸುತ್ತುತ್ತಲೇ ಕೈಚಾಚಿ ಉಕ್ಕಿನ ಬಳೆಯೊಂದನ್ನು ಸೆಳೆದು, ಗೋಡೆಯ ಮೇಲಿನ ವಿದೂಷಕನ ಬಾಯಿಗೆ ಎಸೆಯಬೇಕು. ಇದು ಗೊತ್ತಿಲ್ಲದೆ ಮೊದಲ ಸಲ ಒಳಸಾಲಿನಲ್ಲಿ ಕುಳಿತು ದುಡ್ಡು ದಂಡ ಮಾಡಿಕೊಂಡೆವು. ಎರಡನೆಯ ಸಲ ಅಪ್ಪ ಐದು ಬಳೆ ಎಸೆದರು, ಒಂದೂ ಬಾಯಿಗೆ ಬೀಳಲಿಲ್ಲ. ಮೂರನೆಯ ಸಲಕ್ಕೆ ಯಾರನ್ನೂ ಕೇಳದೆ ತಾವೇ ಹೋಗಿ ಸಾಲಿನಲ್ಲಿ ನಿಂತರು.

ಚಾರ್ಲ್ಸ್ ಅವರ ಮಗ ಆರ್ಥರ್ 1924ರಲ್ಲಿ ಕಟ್ಟಿದ ಜೈಂಟ್ ಡಿಪ್ಪರ್ ಮರದ ರೋಲರ್ ಕೋಸ್ಟರ್. ಹೊರಟ ಕೂಡಲೇ ಕತ್ತಲೆಯ ಸುರಂಗಕ್ಕೆ ನುಗ್ಗುತ್ತದೆ. ಆಮೇಲೆ ಹಳೆಯ ಅಟ್ಟದ ಮೇಲೆ ಯಾರೋ ಓಡಾಡಿದಂಥ ಸದ್ದು. ಮುರಿದು ಬಿದ್ದರೆ ಎಂದು ಮಗ ಕೇಳಿದ. ಆ ಭಯಕ್ಕೇ ಅಲ್ಲವೇ ದುಡ್ಡು ಕೊಡುವುದು! 2013ರಲ್ಲಿ ಬಂದ, ಗಿರಗಿರನೆ ತಿರುಗುವ ಅಂಡರ್‌ಟೋ ಎಂಬ ರೋಲರ್ ಕೋಸ್ಟರ್ ಅವನಿಗೆ ಹಿಡಿಸಿತು. ನನಗೆ ಅದು ಯಾವ ಊರಿನಲ್ಲಾದರೂ ಇರಬಹುದಾದದ್ದು ಅನ್ನಿಸಿತು. 1961ರ ಗುಹೆಯ ರೈಲಿನಲ್ಲಿ ಹೊಳೆಯುವ ಬಣ್ಣದ ಡೈನೋಸಾರ್‌ಗಳು ಗೊಂಬೆಗಳೆಂದು ಎರಡು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಅವುಗಳ ಜಾಗಕ್ಕೆ ವಿಡಿಯೋ ಪರದೆ ತಂದು ಕೂರಿಸಿದ ದಿನ ನಾನು ಹೋಗುವುದನ್ನು ಬಿಡುತ್ತೇನೆ. ಈಗ ಕಾಗದದ ಟಿಕೆಟ್ ಹೋಗಿ ಕಾರ್ಡ್ ಬಂದಿದೆ. ಸರತಿ ಬೇಗ ಸಾಗುತ್ತದೆ, ಸರಿ. ಮೈಸೂರು ದಸರಾ ವಸ್ತುಪ್ರದರ್ಶನದ ಟಿಕೆಟ್ ಚೂರುಗಳನ್ನು ಇಂದಿಗೂ ಡಬ್ಬಿಯಲ್ಲಿಟ್ಟಿರುವ ಅಮ್ಮ ಮಾತ್ರ ಬರಿಗೈಯಲ್ಲಿ ಹೊರಬಂದರು.

ಒಳಗೆ ಹೊಟ್ಟೆ ತುಂಬಿಸಿಕೊಳ್ಳಬೇಡಿ. ಹತ್ತು ನಿಮಿಷ ನಡೆದರೆ ಸಿಕ್ಕಿದ ಮೆಕ್ಸಿಕನ್ ಹೋಟೆಲಿನಲ್ಲಿ ಆರೇ ಮೇಜು, ಗೋಡೆಗೆ ಹಳೆಯ ಕ್ಯಾಲೆಂಡರ್. ಹಂದಿಯ ಕೊಬ್ಬು ಹಾಕದೆ ಬೇಯಿಸಿದ ಕಾಳಿದೆಯೇ ಎಂದು ಮೊದಲೇ ಕೇಳಿ, ಕೇಳಿದರೆ ಕೊಡುತ್ತಾರೆ. ಬಿಸಿ ಅನ್ನ, ಕಪ್ಪು ಕಾಳು, ಕಣ್ಣೆದುರೇ ಸುಟ್ಟ ಮೆಕ್ಕೆಜೋಳದ ರೊಟ್ಟಿ, ಮೇಲೆ ಹಿಂಡಲು ನಿಂಬೆಹೋಳು. ನಾಲ್ವರ ಊಟ ಪಾರ್ಕಿಂಗ್‌ಗೆ ಕೊಟ್ಟದ್ದಕ್ಕಿಂತ ಅಗ್ಗ. ಹಸಿರು ಚಟ್ನಿಗೆ ಏನೇನು ಹಾಕಿದ್ದೀರಿ ಎಂದು ಅಮ್ಮ ಕನ್ನಡದಲ್ಲೇ ಕೇಳಿದರು. ಅಡುಗೆಯಾಕೆ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ, ಇನ್ನೊಂದು ಬಟ್ಟಲು ತಂದಿಟ್ಟರು.